ಯಾರೂ ನೋಡದ ನೀರಿನ ಬಣ್ಣ

ಮೀನಿನ ನಕ್ಷೆ ಮಾಡುವವರು ಮೀನನ್ನು ನೋಡುವುದು ಕಡಿಮೆ. ಈ ಕೆಲಸಕ್ಕೆ ಸೇರಬೇಕೆಂದು ನನ್ನನ್ನು ಕೇಳಿಕೊಂಡು ಬರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ದಕ್ಷಿಣ ಧ್ರುವದ ಸುತ್ತಲಿನ ಸಮುದ್ರದಲ್ಲಿ ಮೀನುಗಳು ಎಲ್ಲಿ ಬದುಕುತ್ತವೆ, ಯಾವುದನ್ನು ತಿಂದು ಬದುಕುತ್ತವೆ ಎಂದು ನಕ್ಷೆ ಬರೆಯುತ್ತಲೇ ನನ್ನ ಸರ್ವಿಸು ಮುಗಿಯಿತು. ಆ ಸಮುದ್ರದ ನೀರನ್ನು ನಾನು ಮುಟ್ಟಿಲ್ಲ. ಬೆಳಿಗ್ಗೆ ಶಿಕಾಗೋ ಪಕ್ಕದ ಲೊಂಬಾರ್ಡಿನ ಮನೆಯಿಂದ ಡಬ್ಬಿ ತೆಗೆದುಕೊಂಡು ಹೊರಟು, ಸ್ಕೋಕಿಯ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತು, ಸಂಜೆ ಟ್ರಾಫಿಕ್ಕಿನಲ್ಲಿ ವಾಪಸು ಬರುತ್ತಿದ್ದೆ. ನಮ್ಮ ಕೆಳಗಿನ ಮಹಡಿಯಲ್ಲಿ ಒಬ್ಬ ಹಲ್ಲಿನ ಡಾಕ್ಟರಿದ್ದರು. ಅವರ ಡ್ರಿಲ್ಲಿನ ಸದ್ದು ಕೇಳುತ್ತಲೇ ನಾವು ಧ್ರುವ ಸಮುದ್ರದ ಆಳ ಅಳೆಯುತ್ತಿದ್ದೆವು.

ನಾನು ಮೀನು ತಿನ್ನುವ ಮನೆಯವನಲ್ಲ. ಕನ್ನಡ ಕೂಟದ ಊಟದಲ್ಲಿ ಇದೊಂದು ಖಾಯಂ ತಮಾಷೆ. ನಮ್ಮ ಪರಿಚಯದ ಡಾಕ್ಟರೊಬ್ಬರು ಪ್ರತಿ ಯುಗಾದಿಗೂ ಕೇಳುತ್ತಿದ್ದರು: “ಏನ್ ಸಾರ್, ಈ ವರ್ಷ ಎಷ್ಟು ಮೀನಿಗೆ ಮನೆ ಹುಡುಕಿಕೊಟ್ರಿ? ಸ್ಕೂಲ್ ಡಿಸ್ಟ್ರಿಕ್ಟ್ ಚೆನ್ನಾಗಿದ್ಯಂತಾ?” ಅವರು ಹೇಳುತ್ತಿದ್ದುದು ಪೂರ್ತಿ ತಪ್ಪೂ ಅಲ್ಲ. ಒಂದು ಜೀವಿಗೆ ಎಂಥ ತಾವು ಒಗ್ಗುತ್ತದೆ, ಎಷ್ಟು ಆಳ, ಎಷ್ಟು ತಣ್ಣಗೆ, ಹತ್ತಿರದಲ್ಲಿ ಊಟ ಸಿಗುತ್ತದೆಯೇ, ಇವನ್ನೆಲ್ಲ ಹೊಂದಿಸಿ ನೋಡುವುದೇ ನಮ್ಮ ವಿದ್ಯೆ.

ನಮ್ಮ ಕೆಲಸ ಹೆಚ್ಚಾಗಿ ಎರಡು ಮೀನುಗಳ ಮೇಲೆ. ಒಂದು ಬೇಟೆಗಾರ. ಆಳು ಉದ್ದ ಬೆಳೆಯುವ, ಆಳದಲ್ಲಿ ಇರುವ, ದೊಡ್ಡ ಬಾಯಿಯ ಮೀನು. ದೂರದೂರದ ದೇಶಗಳ ಹಡಗುಗಳು ಉದ್ದನೆಯ ಹಗ್ಗಕ್ಕೆ ಸಾವಿರಾರು ಗಾಳ ಕಟ್ಟಿ ಇದನ್ನು ಹಿಡಿಯುತ್ತವೆ. ಅದರ ಇಂಗ್ಲಿಷ್ ಹೆಸರನ್ನು ಕನ್ನಡ ಮಾಡಿಕೊಂಡು ನಾವು ಕೆಲವರು ಅದನ್ನು ಹಲ್ಲುಮೀನು ಎನ್ನುತ್ತಿದ್ದೆವು. ಇನ್ನೊಂದು ಅದರ ಊಟ, ಗೇಣುದ್ದದ ಬೆಳ್ಳಿಮೀನು. ಬೆಳ್ಳಿಮೀನು ಎಲ್ಲಿದೆ ಎಂದು ತಿಳಿಯದೆ ಹಲ್ಲುಮೀನಿನ ನಕ್ಷೆ ಮಾಡಿದರೆ ಅದು ಅಡುಗೆಮನೆ ಇಲ್ಲದ ಮನೆಯ ಪ್ಲಾನ್ ಇದ್ದ ಹಾಗೆ.

ನಾನು ಸೇರಿದಾಗಿನಿಂದ ಕೊನೆಯವರೆಗೂ ನನ್ನ ಮೇಲಧಿಕಾರಿ ವಾಲ್ಟರ್. ಮಿಷಿಗನ್ ಸರೋವರದ ಉತ್ತರ ದಂಡೆಯ ಮೀನುಗಾರರ ಮನೆಯವನು. ದೊಡ್ಡ ಕೈ, ಸಣ್ಣ ದನಿ. ಎಷ್ಟೋ ವಿಷಯದಲ್ಲಿ ಅವನಷ್ಟು ಉದಾರಿಯನ್ನು ನಾನು ಕಂಡಿಲ್ಲ. ಆದರೆ ನಕ್ಷೆಯ ಬಣ್ಣ ನಯವಾಗಿ ಹರಡಿರಬೇಕು ಎಂಬುದರಲ್ಲಿ ಮಾತ್ರ ಅವನು ಹಟಮಾರಿ. ತೇಪೆ ತೇಪೆಯಾಗಿರುವ ನಕ್ಷೆಯನ್ನು ಯಾರೂ ನಂಬುವುದಿಲ್ಲ, ಇಸ್ತ್ರಿ ಮಾಡಿದ ಅಂಗಿಯ ಹಾಗಿರಬೇಕು ಎನ್ನುತ್ತಿದ್ದ. ಅಳೆದ ಎರಡು ಜಾಗಗಳ ನಡುವಿನ ಅಳೆಯದ ಜಾಗವನ್ನು ಕಂಪ್ಯೂಟರು ಅಂದಾಜಿನಿಂದ ತುಂಬುತ್ತದೆ. ತುಂಬಿದ ಮೇಲೆ ಯಾವುದು ಅಳೆದದ್ದು, ಯಾವುದು ಅಂದಾಜು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಎಲ್ಲ ಆಫೀಸುಗಳಲ್ಲೂ ಹೀಗೇ ನಡೆಯುತ್ತಿತ್ತು. ನನಗೂ ಅದು ಸರಿಯಾಗಿಯೇ ಕಂಡಿತ್ತು.

ಮೊದಲ ಬಾರಿಗೆ ಇದನ್ನು ಪ್ರಶ್ನಿಸಿದವಳು ಶಾಲಿನಿ. ಧಾರವಾಡದವಳು, ಮೀನುಗಳ ಆಹಾರದ ಬಗ್ಗೆ ಓದಿದವಳು. ಗಂಡ ಪ್ರಹ್ಲಾದ ಕಾರಿನ ಬ್ರೇಕ್ ಮಾಡುವ ಕಂಪನಿಯಲ್ಲಿ ಇಂಜಿನಿಯರ್. ಹಾಗಾಗಿ ಮನೆ ಡೆಟ್ರಾಯಿಟಿನ ಹತ್ತಿರ, ರಾಚೆಸ್ಟರ್ ಹಿಲ್ಸ್‌ನಲ್ಲಿ. ಅವಳು ಅಲ್ಲಿಂದಲೇ ಕೆಲಸ ಮಾಡುತ್ತ ತಿಂಗಳಿಗೊಮ್ಮೆ ತೊಂಬತ್ನಾಲ್ಕನೇ ಹೆದ್ದಾರಿ ಹಿಡಿದು ನಮ್ಮಲ್ಲಿಗೆ ಬರುತ್ತಿದ್ದಳು. ಬಂದ ಹೊಸದರಲ್ಲಿ ಗೋಡೆಯ ಮೇಲಿನ ನಮ್ಮ ದೊಡ್ಡ ನಕ್ಷೆಯ ಮುಂದೆ ಬಹಳ ಹೊತ್ತು ನಿಂತು ಕೇಳಿದಳು:

“ಸರ್, ಈ ಮೀನೆಲ್ಲಾ ಯಾಕ ಹಿಂಗ ಸಾಲಾಗಿ ನಿಂತಾವ್ರಿ, ರೇಶನ್ ಅಂಗಡಿ ಮುಂದ ನಿಂತಂಗ?”

ನಕ್ಷೆಯಲ್ಲಿ ಮೀನು ಇದೆ ಎನ್ನುವ ಕೆಂಪು ಬಣ್ಣ ಪಟ್ಟಿ ಪಟ್ಟಿಯಾಗಿ ಹರಿದಿತ್ತು. ಅವಳು ಹಡಗುಗಳು ಓಡಾಡಿದ ದಾರಿಯನ್ನು ತರಿಸಿ ಅದರ ಮೇಲಿಟ್ಟಳು. ಎರಡೂ ಒಂದೇ. ನಾವು ಮೀನಿನ ನಕ್ಷೆ ಎಂದು ತೂಗುಹಾಕಿದ್ದು ಹಡಗುಗಳ ನಕ್ಷೆಯಾಗಿತ್ತು. ಹಡಗು ಹೋದಲ್ಲಿ ಮೀನು ಸಿಕ್ಕಿತ್ತು. ಹಡಗು ಹತ್ತಿರವೂ ಸುಳಿಯದ ಕಡೆ ಕಂಪ್ಯೂಟರಿಗೆ ಅಂದಾಜಿಗೂ ಏನೂ ಸಿಗದೆ ಬಿಳಿ ಬಿಟ್ಟಿದ್ದೆವು. ವಾಲ್ಟರ್ ಅದನ್ನು ಕೆಳಗಿಳಿಸಿ ಗೋಡೆಗೆ ಮುಖ ಮಾಡಿ ಒರಗಿಸಿಟ್ಟ. ಆಮೇಲೆ ಹಡಗಿನ ದಾರಿಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ನಕ್ಷೆ ಮಾಡುವ ಪದ್ಧತಿ ಬಂತು. ಆದರೆ ಬಿಳಿ ಬಿಳಿಯಾಗಿಯೇ ಉಳಿಯಿತು.

ಆ ಬಿಳಿಯಲ್ಲಿ ಒಂದು ಕೊಲ್ಲಿಯಿತ್ತು. ವರ್ಷದ ಬಹುಪಾಲು ಅದು ಮಂಜುಗಡ್ಡೆಯಿಂದ ಮುಚ್ಚಿರುತ್ತಿತ್ತು, ಹಡಗುಗಳು ಒಳಗೆ ಹೋಗಿರಲಿಲ್ಲ. ಇತ್ತೀಚಿನ ಬೇಸಿಗೆಗಳಲ್ಲಿ ಕೆಲವು ವಾರ ಅದರ ಬಾಯಿ ತೆರೆಯತೊಡಗಿತ್ತು. ಅಲ್ಲಿ ಗಾಳ ಹಾಕಲು ಬಿಡಬೇಕೆಂದು ಕೆಲವು ದೇಶಗಳು ಕೇಳುತ್ತಿದ್ದವು. ಶಾಲಿನಿಯ ವಾದ ಬೇರೆ. ಕೊಲ್ಲಿಯ ಬಾಯಲ್ಲಿ ಹಿಡಿದ ಹಲ್ಲುಮೀನುಗಳ ಹೊಟ್ಟೆಯಲ್ಲಿ ಬಹಳ ಸಣ್ಣ ಬೆಳ್ಳಿಮೀನು ಸಿಕ್ಕಿದ್ದವು. ಅಷ್ಟು ಸಣ್ಣವು ದೂರದಿಂದ ಈಜಿ ಬಂದಿರಲಾರವು. ಒಳಗೆ, ಮಂಜುಗಡ್ಡೆಯ ತಳದಲ್ಲಿ, ಬೆಳ್ಳಿಮೀನು ಮೊಟ್ಟೆಯಿಡುವ ಜಾಗವಿರಬೇಕು. ಅದನ್ನು ಕದಡಿದರೆ ದೊಡ್ಡದೂ ಇಲ್ಲ, ಚಿಕ್ಕದೂ ಇಲ್ಲ. ಆ ಸಮುದ್ರದ ಮೀನುಗಾರಿಕೆಗೆ ನಿಯಮ ಮಾಡುವ ದೇಶಗಳ ಸಭೆಯಲ್ಲಿ ಆಕೆ ಇದನ್ನು ಹೇಳಿದಾಗಲೆಲ್ಲ ಯಾರಾದರೊಬ್ಬರು ನಮ್ಮದೇ ನಕ್ಷೆ ತೋರಿಸಿ, ಇಲ್ಲಿ ಬಿಳಿ ಇದೆಯಲ್ಲ, ಏನೂ ಇಲ್ಲವಲ್ಲ ಎನ್ನುತ್ತಿದ್ದರು. ಕೊಲ್ಲಿ ತೆರೆದರೆ ಅವಳ ಪ್ರಾಜೆಕ್ಟು ಮುಚ್ಚುತ್ತಿತ್ತು. ಅವಳಿಗೆ ಅದಕ್ಕಿಂತ ಹೆಚ್ಚಿನ ಸಂಕಟ, ನಾವೇ ಬಿಟ್ಟ ಬಿಳಿಯಿಂದ ಸೋಲುವುದು.

ಮುಂದಿನದಕ್ಕೆ ಹೋಗುವ ಮೊದಲು, ನಗುವ ಸಂಗತಿಯೊಂದು. ಉಪಗ್ರಹಕ್ಕೆ ಸುದ್ದಿ ಕಳಿಸುವ ಬಿಲ್ಲೆಗಳು ಬಂದ ಕಾಲ. ಮೀನಿನ ಬೆನ್ನಿಗೆ ಸಿಕ್ಕಿಸಿದರೆ ಕೆಲವು ತಿಂಗಳ ನಂತರ ತಾನೇ ಕಳಚಿ ಮೇಲೆ ತೇಲಿ, ಮೀನು ಎಲ್ಲೆಲ್ಲಿ ಹೋಗಿತ್ತು ಎಂದು ಹೇಳುತ್ತದೆ. ಧ್ರುವಕ್ಕೆ ಕಳಿಸುವ ಮೊದಲು ಒಂದನ್ನು ಮಿಷಿಗನ್ ಸರೋವರದ ಮೀನಿಗೆ ಸಿಕ್ಕಿಸಿ ಪರೀಕ್ಷೆ ಮಾಡಿದೆವು. ಒಂದು ಮಧ್ಯಾಹ್ನ ನಮ್ಮ ಮೀನು ನೀರು ಬಿಟ್ಟು ಹೆದ್ದಾರಿ ಹಿಡಿಯಿತು. ಎಪ್ಪತ್ತು ಮೈಲಿ ವೇಗದಲ್ಲಿ ದಕ್ಷಿಣಕ್ಕೆ ಹೋಗಿ, ಒಂದು ಎಕ್ಸಿಟ್ ತೆಗೆದುಕೊಂಡು, ಹಾಟ್‌ಡಾಗ್ ಅಂಗಡಿಯ ಹತ್ತಿರ ಸ್ವಲ್ಪ ಹೊತ್ತು ನಿಂತು, ಒಂದು ಬಡಾವಣೆಗೆ ಹೋಗಿ ತಂಗಿತು. ದಂಡೆಗೆ ಬಂದು ಬಿದ್ದ ಬಿಲ್ಲೆಯನ್ನು ಯಾರೋ ಆಟಿಕೆಯೆಂದು ಕಾರಿಗೆ ಹಾಕಿಕೊಂಡಿದ್ದರು. ವಾಲ್ಟರ್ ನನ್ನ ಕಡೆ ತಿರುಗಿ, ಆ ಹಾಟ್‌ಡಾಗ್ ಅಂಗಡಿಯನ್ನೂ ವಾಸಸ್ಥಾನಕ್ಕೆ ಸೇರಿಸು ಎಂದ. ಸುಮ್ಮನೆ ನಕ್ಕುಬಿಡುವ ವಿಷಯ. ಆದರೂ ನೆನಪಿಡಿ. ಉಪಕರಣ ಸುಳ್ಳು ಹೇಳಿರಲಿಲ್ಲ. ತಾನೆಲ್ಲಿದ್ದೇನೆ ಎಂದಷ್ಟೇ ಹೇಳಿತ್ತು. ಮೀನು ಎಂದು ಓದಿಕೊಂಡವರು ನಾವು.

ಇನ್ನು ಆ ಫೆಬ್ರುವರಿಯ ವಿಷಯ. ಇದನ್ನು ನಾನು ಕಂಡಷ್ಟೇ ಬರೆಯುತ್ತೇನೆ.

ಕೊಲ್ಲಿಯ ಮಂಜುಗಡ್ಡೆಗೆ ರಂಧ್ರ ಕೊರೆದು ಕೆಳಗೆ ಕ್ಯಾಮೆರಾ ಇಳಿಸಬೇಕೆಂಬುದು ಶಾಲಿನಿಯ ಯೋಜನೆ. ಅದರ ಅಭ್ಯಾಸಕ್ಕೆ ಡೆಟ್ರಾಯಿಟಿನ ಪಕ್ಕದ ಸೇಂಟ್ ಕ್ಲೇರ್ ಸರೋವರಕ್ಕೆ ಹೋದೆವು. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟುತ್ತದೆ. ಜನ ಅದರ ಮೇಲೆ ಗುಡಾರ ಹಾಕಿಕೊಂಡು ಗಾಳ ಹಾಕುತ್ತಾರೆ. ಶಾಲಿನಿ ಮತ್ತು ಕ್ಯಾಮೆರಾ ನೋಡಿಕೊಳ್ಳುವ ಗ್ರೆಗ್ ಒಂದು ಜಾರುಬಂಡಿ ಎಳೆದುಕೊಂಡು ಒಳಗೆ ಹೋದರು. ನಾನೂ ವಾಲ್ಟರೂ ದಂಡೆಯಲ್ಲಿ ಟ್ರಕ್ಕಿನ ಹತ್ತಿರ ನಿಂತಿದ್ದೆವು. ಹದಿನೆಂಟು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವುದಕ್ಕಿಂತಲೂ ತಣ್ಣಗೆ. ಬೆನ್ನಿಗೆ ಪಶ್ಚಿಮದ ಗಾಳಿ. ನನ್ನ ಕೈಯಲ್ಲಿ ಮಂಜುಗಡ್ಡೆಯ ದಪ್ಪ ತೋರಿಸುವ ನಕ್ಷೆ. ಬೇರೆಯವರಿಂದ ತರಿಸಿಕೊಂಡದ್ದು. ದಂಡೆಯಿಂದ ಅವರಿಬ್ಬರು ನಿಂತ ಜಾಗದವರೆಗೆ ಒಂದೇ ಗಾಢ ನೀಲಿ. ಗಾಢ ನೀಲಿ ಎಂದರೆ ಗಟ್ಟಿ.

ನಮಗೂ ಅವರಿಗೂ ನಡುವೆ ಮಂಜುಗಡ್ಡೆಯ ಮೇಲೆ ಒಂದು ಕಪ್ಪು ಗೆರೆ ಕಂಡಿತು. ಮೊದಲು ನಾನು ಅದನ್ನು ಯಾವುದೋ ಗಾಡಿಯ ಚಕ್ರದ ಗುರುತು ಎಂದುಕೊಂಡೆ. ಸದ್ದೇನೂ ಆಗಲಿಲ್ಲ. ದೊಡ್ಡ ಸದ್ದಾಯಿತು ಎಂದು ವಾಲ್ಟರ್ ಆಮೇಲೆ ಹೇಳಿದ. ಇಬ್ಬರಲ್ಲಿ ಯಾರು ಸರಿಯೋ ಗೊತ್ತಿಲ್ಲ. ಗೆರೆ ಅಗಲವಾಯಿತು. ಅದರ ಮೇಲೆ ಬಿಸಿಲು ಅಲುಗಿತು. ಆಗ ಅದು ನೀರು ಎಂದು ತಿಳಿಯಿತು. ಶಾಲಿನಿಯ ಕೆಂಪು ಜಾಕೆಟ್ ಅದೇ ಜಾಗದಲ್ಲಿತ್ತು. ಆದರೆ ಅದರ ಹಿಂದೆ ಇದ್ದ ದೂರದ ದೀಪಸ್ತಂಭ ಸರಿದಿತ್ತು. ದೀಪಸ್ತಂಭ ಸರಿಯುವುದಿಲ್ಲ. ಸರಿದದ್ದು ಅವಳು, ನಿಂತ ಮಂಜುಗಡ್ಡೆಯ ಸಮೇತ.

ಫೋನು ಬಂತು.

“ಸರ್, ನಿಮ್ಮ ಕಡಿಂದ ನೀರು ಕಾಣಸ್ತದೇನ್ರಿ?”

ಅವಳ ದನಿ ಆಫೀಸಿನಲ್ಲಿ ಫೈಲು ಕೇಳಿದ ಹಾಗೆ ಇತ್ತು.

“ಕಾಣತ್ತೆ ಶಾಲಿನಿ. ನಮ್ಮ ಕಡೆ ಬರಬೇಡಿ. ಇಬ್ರೂ ಇದ್ದಲ್ಲೇ ಮಲಗಿಬಿಡಿ. ಸಹಾಯಕ್ಕೆ ಜನ ಕರೆಸ್ತಿದೀವಿ.”

“ಹೂಂ ರಿ. ಫೋನ್ ಇಡಬ್ಯಾಡ್ರಿ.”

ನಾನು ಇಡಲಿಲ್ಲ. ವಾಲ್ಟರ್ ಸಹಾಯಕ್ಕೆ ಕರೆ ಮಾಡಿದ. ಅವನ ದೊಡ್ಡ ಕೈ ಟ್ರಕ್ಕಿನ ಬಾಗಿಲಿಗೆ ಅಂಟಿಕೊಂಡ ಹಾಗೆ ಇತ್ತು. ಶಾಲಿನಿ ಹೆಚ್ಚು ಮಾತಾಡಲಿಲ್ಲ. ಒಮ್ಮೆ ಗ್ರೆಗ್ ನಡುಗುತ್ತಿದ್ದಾನೆ ಎಂದಳು, ಒಮ್ಮೆ ಪ್ರಹ್ಲಾದನಿಗೆ ಈಗಲೇ ಹೇಳಬೇಡಿ ಎಂದಳು. ಉಳಿದ ಹೊತ್ತೆಲ್ಲ ಗಾಳಿಯ ಸದ್ದು. ಹಿಂದೆ ದೊಡ್ಡ ಫ್ಯಾನಿರುವ, ನೀರಿನ ಮೇಲೂ ಮಂಜುಗಡ್ಡೆಯ ಮೇಲೂ ಓಡುವ ದೋಣಿಯೊಂದು ಬಂದು ಅವರನ್ನು ಎತ್ತಿಕೊಂಡಿತು. ಎಷ್ಟು ಹೊತ್ತಾಯಿತು ಎಂದು ಜನ ಕೇಳುತ್ತಾರೆ. ಹೇಳಲಾರೆ. ನಾನು ಗಡಿಯಾರ ನೋಡಲಿಲ್ಲ, ಕೆಂಪು ಜಾಕೆಟ್ ನೋಡುತ್ತಿದ್ದೆ.

ಶಾಲಿನಿ ಟ್ರಕ್ಕಿನಲ್ಲಿ ಕೂತು, ಎರಡೂ ಕೈಯಲ್ಲಿ ಥರ್ಮಾಸಿನ ಮುಚ್ಚಳ ಹಿಡಿದು ಚಹಾ ಕುಡಿದಳು. ತುಟಿ ನೀಲಿಯಾಗಿತ್ತು. ಕ್ಯಾಮೆರಾ ನೀರಿಗೆ ಹೋಯಿತು ಎಂದಳು. ವಾಲ್ಟರ್ ಅವಳ ಮುಂದೆ ಮಂಡಿಯೂರಿ ಅವಳ ಬೂಟಿನ ಲೇಸು ಬಿಚ್ಚುತ್ತಿದ್ದ.

ಆಮೇಲೆ ತಿಳಿದದ್ದು ಇಷ್ಟು. ಮಂಜುಗಡ್ಡೆಯ ದಪ್ಪವನ್ನು ದಂಡೆಯ ಹತ್ತಿರ ಅಳೆದಿದ್ದರು, ದೂರದಲ್ಲಿ ಒಂದು ಕಡೆ ಅಳೆದಿದ್ದರು. ಎರಡೂ ಗಟ್ಟಿ. ನಡುವೆ ಯಾರೂ ಅಳೆದಿರಲಿಲ್ಲ. ಅಲ್ಲಿ ಕೆಳಗೆ ಹೊಳೆಯ ಹರಿವು ಬಂದು ಮಂಜು ತೆಳ್ಳಗಾಗಿತ್ತು. ಕಂಪ್ಯೂಟರು ನಡುವಿನದನ್ನು ನಯವಾಗಿ ತುಂಬಿತ್ತು. ಆ ನಕ್ಷೆ ನಮ್ಮ ಆಫೀಸಿನದಲ್ಲ. ಆದರೆ ನಮ್ಮ ವಿದ್ಯೆಯದೇ. ಮೀನಿನ ನಕ್ಷೆಯಲ್ಲಿ ನೋಡದ ಜಾಗವನ್ನು ನಾವು ಇಲ್ಲ ಎಂದು ಬರೆಯುತ್ತಿದ್ದೆವು. ಈ ಮಂಜಿನ ನಕ್ಷೆಯವರು ನೋಡದ ಜಾಗವನ್ನು ಇದೆ ಎಂದು ಬರೆದಿದ್ದರು.

ಆ ಚಳಿಗಾಲ ಮುಗಿಯುವವರೆಗೆ ನಾನು ಸರಿಯಾಗಿರಲಿಲ್ಲ. ಲೊಂಬಾರ್ಡಿನಲ್ಲಿ ನಮ್ಮ ಕಟ್ಟಡದ ಹಿಂದೆ ಒಂದು ಕೊಳವಿದೆ. ಅದು ಹೆಪ್ಪುಗಟ್ಟಿದ್ದಾಗ ಆ ಕಡೆಯ ಕಿಟಕಿಯ ಹತ್ತಿರ ಕೂರುತ್ತಿರಲಿಲ್ಲ. ನನ್ನ ಹೆಂಡತಿ ವಸುಧಾ ಏನೂ ಕೇಳದೆ ನನ್ನ ಕುರ್ಚಿಯನ್ನು ಅಡುಗೆಮನೆಯ ಪಕ್ಕಕ್ಕೆ ಹಾಕಿದಳು. ಅಲ್ಲಿ ಕೂತು ಅವರೆಕಾಳು ಸುಲಿದದ್ದೇ ನನಗೆ ಔಷಧಿಯಾಯಿತು ಎಂದು ಈಗ ಅನ್ನಿಸುತ್ತದೆ.

ಆಫೀಸಿಗೆ ಹೋದವನು ಕೊಲ್ಲಿಯ ನಕ್ಷೆ ತೆಗೆದು, ನೋಡದ ಜಾಗಗಳಿಗೆಲ್ಲ ಬೂದು ಬಣ್ಣ ಹಾಕಿದೆ. ಬಿಳಿ ಎಂದರೆ ನೋಡಿದೆವು, ಇಲ್ಲ. ಬೂದು ಎಂದರೆ ನೋಡಿಲ್ಲ. ಕೊಲ್ಲಿ ಪೂರ್ತಿ ಬೂದಾಯಿತು. ಹೊರಗಿನ ಸಮುದ್ರವೂ ಅರ್ಧದಷ್ಟು. ವಾಲ್ಟರ್ ನೋಡಿ, ಇದನ್ನು ಕಳಿಸಿದರೆ ನಾವು ಕೆಲಸವನ್ನೇ ಮಾಡಿಲ್ಲ ಅನ್ನಿಸುತ್ತದೆ ಎಂದ. ಅಲ್ಲಿ ಮಾಡಿಲ್ಲವಲ್ಲ ಎಂದೆ. ಸಿಟ್ಟಾದ. ಬೂದು ಕಂಡರೆ ಸಭೆಯವರು ಮಿಕ್ಕ ಬಣ್ಣವನ್ನೂ ನಂಬುವುದಿಲ್ಲ, ಇಷ್ಟು ವರ್ಷದ ಹೆಸರು ಹೋಗುತ್ತದೆ ಎಂದ. ಅವನ ಮಾತಿನಲ್ಲೂ ಹುರುಳಿತ್ತು. ಅನುಮಾನವನ್ನು ಬಣ್ಣದಲ್ಲಿ ತೋರಿಸಿದರೆ ಜನ ನಮ್ಮ ಖಚಿತವನ್ನೂ ಅನುಮಾನಿಸುತ್ತಾರೆ. ನಾನು ವಾದ ಮಾಡಲಿಲ್ಲ. ಸರೋವರದ ಆ ನೀಲಿ ನಕ್ಷೆಯನ್ನು ತೆರೆದು ಅವನ ಮುಂದೆ ಇಟ್ಟು ಊಟಕ್ಕೆ ಹೋದೆ. ಬಂದಾಗ ನಮ್ಮ ನಕ್ಷೆ ಸಭೆಗೆ ಹೋಗಿಯಾಗಿತ್ತು, ಬೂದಿನ ಸಮೇತ.

ಸಭೆಯಲ್ಲಿ ಈ ಬಾರಿ ಯಾರೂ ಕೊಲ್ಲಿಯನ್ನು ಖಾಲಿ ಎನ್ನಲು ಆಗಲಿಲ್ಲ. ಬರುವ ಋತುವಿನಲ್ಲಿ ಒಳಗೆ ಹೋಗಿ ನೋಡಿ, ಏನಾದರೂ ಇದ್ದರೆ ತೋರಿಸಿ, ಇಲ್ಲವಾದರೆ ತೆರೆಯುತ್ತೇವೆ ಎಂದರು. ಶಾಲಿನಿಗೆ ಅಷ್ಟೇ ಬೇಕಾಗಿತ್ತು. ನನ್ನ ಚಿಂತೆ ಬೇರೆ. ಮೊಟ್ಟೆಯ ಬಗ್ಗೆ ಬೂದಾಗಿದ್ದ ಕೊಲ್ಲಿ, ಮಂಜುಗಡ್ಡೆಯ ದಪ್ಪದ ಬಗ್ಗೆಯೂ ಬೂದೇ. ಅವಳ ಕೊಲ್ಲಿಯನ್ನು ಉಳಿಸಿದ ಬಣ್ಣದ ಮೇಲೆಯೇ ಅವಳು ಈಗ ನಡೆಯಬೇಕಿತ್ತು. ಅವಳು ಹೋಗಬಾರದು ಎಂದು ನನ್ನ ಮನಸ್ಸು ಹೇಳುತ್ತಿತ್ತು.

ಇಲ್ಲಿನ ಬೇಸಿಗೆಯ ಕೊನೆಗೆ ಪ್ರಹ್ಲಾದ ನನ್ನನ್ನೂ ವಸುಧಾಳನ್ನೂ ಮನೆಗೆ ಕರೆದ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಊಟವಾದ ಮೇಲೆ ಪಾತ್ರೆ ಡಿಶ್‌ವಾಷರಿಗೆ ಹಾಕುತ್ತ, ಶಾಲಿನಿ ಎದುರಿಗಿದ್ದಾಗಲೇ, ಅವನು ಕೇಳಿದ.

“ಸರ್, ಅವತ್ತ ಏನಾತು ಅಂತ ನೀವು ನೋಡೀರಿ. ನಾ ನೋಡಿಲ್ಲ. ಇಕಿ ಹೇಳೂದು ಕೇಳಿದ್ರ ಏನೋ ಬಸ್ ತಪ್ಪಿಸ್ಕೊಂಡಂಗ ಹೇಳ್ತಾಳ. ಹೋಗ್ಲೋ ಬ್ಯಾಡೋ, ನೀವ ಹೇಳ್ರಿ.”

“ಅವರನ್ನ ಯಾಕ ನಡುವ ತರ್ತೀರಿ?” ಎಂದಳು ಶಾಲಿನಿ.

ಅವತ್ತು ಕಂಡದ್ದನ್ನು ನಾನು ಪ್ರಹ್ಲಾದನಿಗೆ ಒಂದೂ ಬಿಡದೆ ಹೇಳಿದೆ. ಗೆರೆ, ನೀರು, ಸರಿದ ದೀಪಸ್ತಂಭ. ಅವನು ಕೈಯಲ್ಲಿದ್ದ ತಟ್ಟೆ ಕೆಳಗಿಡಲಿಲ್ಲ. ಶಾಲಿನಿಯೂ ಮೊದಲ ಸಲ ಅದನ್ನು ದಂಡೆಯ ಕಡೆಯಿಂದ ಕೇಳಿದಳು. ಆಮೇಲೆ ನಾನು ಹೇಳಿದ್ದು:

“ಅಲ್ಲಿ ಐಸ್ ಗಟ್ಟಿ ಇದೆ ಅಂತ ನಾನು ಹೇಳಲ್ಲ, ಪ್ರಹ್ಲಾದ. ತೆಳ್ಳಗಿದೆ ಅಂತಲೂ ಹೇಳಲ್ಲ. ನನಗೆ ಗೊತ್ತಿಲ್ಲ. ಅವತ್ತು ಇವರು ಗೊತ್ತಿದೆ ಅಂದ್ಕೊಂಡು ನಡೆದ್ರು. ಈ ಸಲ ಗೊತ್ತಿಲ್ಲ ಅಂದ್ಕೊಂಡೇ ನಡೀಬೇಕು. ಮುಂದೆ ಕೊರೆದು ಅಳೆಯದೆ ಕಾಲಿಡಬಾರದು. ಅಷ್ಟು ನಿಧಾನವಾಗಿ ಹೋಗೋಕೆ ಒಪ್ಪಿದ್ರೆ ಹೋಗ್ಲಿ.”

“ಹಂಗ ಹೋದ್ರ ಕೊಲ್ಲಿ ಪೂರ್ತಿ ನೋಡೂದಾಗಂಗಿಲ್ರಿ,” ಎಂದಳು ಶಾಲಿನಿ.

“ಆಗಲ್ಲ. ಒಂದು ಪಟ್ಟಿ ಆಗತ್ತೆ.”

“ಆ ಪಟ್ಟಿ ಒಳಗ ಏನೂ ಸಿಗಲಿಲ್ಲಂದ್ರ?”

“ಬಿಳಿ ಹಾಕ್ತೀನಿ.”

ಅವಳಿಗೆ ಇದ್ದದ್ದು ಒಂದೇ ಋತು. ಓಡಿದರೆ ಹೆಚ್ಚು ಜಾಗ ನೋಡಬಹುದು, ಕೊಲ್ಲಿ ಉಳಿಯುವ ಸಾಧ್ಯತೆ ಹೆಚ್ಚು. ನಿಧಾನಕ್ಕೆ ಹೋದರೆ ಕೈತಪ್ಪಬಹುದು. ಕೊನೆಗೆ ಗಂಡನ ಕೈಯಿಂದ ತಟ್ಟೆ ತೆಗೆದುಕೊಂಡು, “ನಿಧಾನಾನ ಹೋಗ್ತೀನಿ, ಸಾಕಲ್ರಿ?” ಎಂದಳು. ಅದನ್ನು ಹೇಳಿದ್ದು ನನಗಲ್ಲ.

ಧ್ರುವದ ವಸಂತ ನಮ್ಮ ದೀಪಾವಳಿಯ ಹೊತ್ತಿಗೆ. ಅವಳೂ ಗ್ರೆಗ್ಗೂ ಇನ್ನಿಬ್ಬರೂ ಅಲ್ಲಿ ಕೊರೆಯುತ್ತ, ಅಳೆಯುತ್ತ, ಕ್ಯಾಮೆರಾ ಇಳಿಸುತ್ತ ಹೋದರು. ಪ್ರತಿದಿನ ಬೆಳಿಗ್ಗೆ ಸ್ಕೋಕಿಯಲ್ಲಿ ನನ್ನ ಪರದೆಗೆ ಅವರ ಅಂಕಿ ಬರುತ್ತಿತ್ತು. ನಾನು ಬೂದು ಚೌಕವನ್ನು ಅಳಿಸಿ ಬಿಳಿ ಹಾಕುತ್ತಿದ್ದೆ. ಬಿಳಿ. ಮತ್ತೆ ಬಿಳಿ. ಅಂಕಿ ಬಂತೆಂದರೆ ಅವರು ಸುರಕ್ಷಿತ ಎಂದು ಸಮಾಧಾನ, ಬಿಳಿ ಎಂದು ಸಂಕಟ. ವಾಲ್ಟರ್ ನನ್ನ ಹಿಂದೆ ಬಂದು ನಿಂತು, ನೋಡಿ, ಹೋಗುತ್ತಿದ್ದ. ಒಂದು ಕಡೆ ಮಂಜುಗಡ್ಡೆ ತೆಳ್ಳಗೆ ಸಿಕ್ಕಿತು. ಅವರು ಹಿಂದೆ ಸರಿದು ಬಳಸಿಕೊಂಡು ಹೋದರು. ಅದಕ್ಕೆ ದಿನಗಳು ಹಿಡಿದವು. ಒಳ್ಳೆಯದೆನಿಸಿದ ಒಂದು ಮೂಲೆಯನ್ನು ಅವರು ನೋಡದೆ ಬಿಡಬೇಕಾಯಿತು.

ಬಳಸಿಕೊಂಡು ಹೋದ ದಾರಿಯಲ್ಲೇ ಸಿಕ್ಕಿತು. ಅವತ್ತು ಅಂಕಿಯ ಬದಲು ಫೋನು ಬಂತು, ಉಪಗ್ರಹದ ಫೋನು, ಮಾತು ತಡೆತಡೆದು.

“ಸರ್, ಐಸಿನ ಬುಡಕ್ಕ ಸಾಬುದಾಣಿ ಚೆಲ್ಲಿಧಂಗ ಅದರಿ. ಕಣ್ಣ ಮೂಡ್ಯಾವ ಒಂದೊಂದರಾಗ. ಕೆಳಗ ದೊಡ್ಡದೊಂದು ಬಂದು ಕಾಯಕ್ಹತ್ತೇದ.”

ಚಿತ್ರ ಆಮೇಲೆ ಬಂತು. ನೆನೆಸಿದ ಸಾಬಕ್ಕಿಯಂಥ ಮೊಟ್ಟೆಗಳು, ಮಂಜಿನ ಹಾಳೆಗಳ ನಡುವೆ, ಕಂಡಷ್ಟು ದೂರಕ್ಕೂ. ಕ್ಯಾಮೆರಾದ ಬೆಳಕು ಮುಗಿಯುವ ಕಡೆ ಹಲ್ಲುಮೀನಿನ ತಲೆ. ನನ್ನ ಸರ್ವಿಸಿನಲ್ಲಿ ನಾನು ಅವೆರಡನ್ನೂ ಒಟ್ಟಿಗೆ ಕಂಡದ್ದು ಅದೇ ಮೊದಲು. ವಾಲ್ಟರ್ ಕುರ್ಚಿ ಎಳೆದುಕೊಂಡು ಕೂತು ಕನ್ನಡಕ ಒರೆಸಿದ.

ಸಭೆಗೆ ಹೋದ ನಕ್ಷೆ ನೋಡಲು ಚೆನ್ನಾಗಿರಲಿಲ್ಲ. ಉದ್ದಕ್ಕೊಂದು ಬಿಳಿ ಪಟ್ಟಿ, ಅದರ ತುದಿಗೆ ನಾಲ್ಕಾರು ಕೆಂಪು ಚೌಕ, ಸುತ್ತ ಬೂದು. ಕೆಂಪನ್ನು ಅಕ್ಕಪಕ್ಕಕ್ಕೂ ಹರಡಬಹುದಲ್ಲ, ಅಲ್ಲೂ ಇರಬೇಕಲ್ಲ, ನಿಮಗೇ ಅನುಕೂಲ ಎಂದು ಅಲ್ಲಿದ್ದವರೊಬ್ಬರು ಕೇಳಿದರು. ಉತ್ತರ ಹೇಳಿದವನು ವಾಲ್ಟರ್. ಅಲ್ಲಿ ನಾವಿನ್ನೂ ನೋಡಿಲ್ಲ ಎಂದ, ತನ್ನ ಸಣ್ಣ ದನಿಯಲ್ಲಿ, ನಾಚಿಕೆಯಿಲ್ಲದೆ. ಕೊಲ್ಲಿಯನ್ನು ಗಾಳದ ಹಡಗುಗಳಿಗೆ ತೆರೆಯುವುದಿಲ್ಲ ಎಂದು ತೀರ್ಮಾನವಾಯಿತು. ಉಳಿದ ಬೂದನ್ನು ನೋಡಿ ಮುಗಿಸುವವರೆಗೆ ಶಾಲಿನಿಯ ಪ್ರಾಜೆಕ್ಟೂ ಮುಂದುವರಿಯಿತು.

ನಾನು ಅದಾದ ಮೇಲೆ ನಿವೃತ್ತನಾದೆ. ಈಗ ನೀರಿನ ಒಂದು ಬಾಟಲಿ ತಂದು, ಅದರಲ್ಲಿ ಯಾವ ಮೀನು ಹಾದುಹೋಗಿತ್ತು ಎಂದು ಹೇಳುವ ವಿದ್ಯೆ ಬಂದಿದೆ. ಈ ಕೆಲಸಕ್ಕೆ ಹೊಸದಾಗಿ ಬರುವ ನೀವು ನಮಗಿಂತ ಬೇಗ ನೋಡುತ್ತೀರಿ, ಹೆಚ್ಚು ನೋಡುತ್ತೀರಿ. ಒಳ್ಳೆಯದು. ಯಾರೂ ನೋಡದ ನೀರು ಮಾತ್ರ ನಿಮ್ಮ ಕಾಲಕ್ಕೂ ಉಳಿದಿರುತ್ತದೆ. ಅದಕ್ಕೊಂದು ಬಣ್ಣ ಇಟ್ಟುಕೊಂಡಿರಿ.

ಹೋದ ತಿಂಗಳು ಶಾಲಿನಿ ಮತ್ತೆ ಹೊರಟಳು, ಅಂದು ಬಿಟ್ಟು ಬಂದ ಮೂಲೆಯ ಕಡೆಗೆ. ಹೊರಡುವ ಮುನ್ನ ಫೋನು ಮಾಡಿದ್ದವನು ಪ್ರಹ್ಲಾದ. ಈ ಸಲವೂ ಹೋಗಲೋ ಬೇಡವೋ ಎಂದು ಕೇಳುತ್ತಾನೆ ಎಂದುಕೊಂಡು ನಾನು ಉತ್ತರ ಹುಡುಕುತ್ತಿದ್ದೆ.

“ಅದಲ್ರಿ ಸರ್,” ಎಂದ. “ಐಸ್ ಕೊರಿಯೂ ಡ್ರಿಲ್ಲಿನ ಬಿಟ್ ಇಕಿ ಎರಡ ಇಟ್ಕೊಂಡಾಳ. ನಾ ಇನ್ನೂ ಎರಡು ಪ್ಯಾಕ್ ಮಾಡೀನಿ. ಸಾಕಾಗ್ತಾವೇನ್ರಿ?”